ಬಳಸುವವರನ್ನು ಕೇಳದೆ ಎದ್ದ ಕಟ್ಟಡ ಯಾರದ್ದು?



ಬಾಪೂಜಿ ನಗರದ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ನೋಡಿ. ಮಂಡ್ಯ, ಮೈಸೂರು ಕಡೆಯ ಬಸ್ಸುಗಳಿಂದ ಇಳಿಯುವವರು ಯಾರು? ತಲೆಯ ಮೇಲೆ ಅಕ್ಕಿ ಮೂಟೆ ಹೊತ್ತವರು, ಕಂಕುಳಲ್ಲಿ ಕೂಸು ಇರುವವರು, ಕೈಯಲ್ಲಿ ಆಸ್ಪತ್ರೆ ಚೀಟಿ ಹಿಡಿದವರು. ಇವರಿಗೆ ಬೇಕಾದ್ದೇನು? ಮೂಟೆ ಇಳಿಸಲು ಒಂದು ಕಟ್ಟೆ, ಮಗುವಿಗೆ ಹಾಲೂಡಿಸಲು ಒಂದು ಮರೆ, ಹೆಂಗಸರು ಹೆದರದೆ ಹೋಗಿಬರುವ ಶೌಚಾಲಯ, ಯಾವ ಬಸ್ಸು ಎಲ್ಲಿ ಎಂದು ದಪ್ಪಕ್ಷರದಲ್ಲಿ ಹೇಳುವ ಕನ್ನಡ ಬೋರ್ಡು. ಇದನ್ನು ಕಂಡುಹಿಡಿಯಲು ಫಾರಿನ್ ಪದವಿ ಬೇಡ. ಕೇಳಿದರೆ ಸಾಕು.

ಆದರೆ ನಮ್ಮ ನಾಡಿನಲ್ಲಿ ಕೇಳುವ ಪದ್ಧತಿ ಎಲ್ಲಿದೆ? ಹಣ ಕೊಡುವವನು ಒಬ್ಬ, ನಕ್ಷೆ ಬರೆಯುವವನು ಇನ್ನೊಬ್ಬ, ಟೆಂಡರ್ ಹಿಡಿಯುವವನು ಮತ್ತೊಬ್ಬ. ದಿನವೂ ಹತ್ತಿ ಇಳಿಯುವವನು ಮಾತ್ರ ಲೆಕ್ಕಕ್ಕಿಲ್ಲ.

ಅಲ್ಲೇ ಹತ್ತಿರದ ದೀಪಾಂಜಲಿ ನಗರ ಮೆಟ್ರೋ ನಿಲ್ದಾಣ 2015ರ ನವೆಂಬರ್‌ನಲ್ಲಿ ಶುರುವಾದದ್ದು. ನಮ್ಮ ಮೆಟ್ರೋ ಬೋರ್ಡುಗಳಲ್ಲಿ ಹಿಂದಿ ರಾರಾಜಿಸುತ್ತಿದ್ದಾಗ 2017ರ ಜುಲೈನಲ್ಲಿ ಏನಾಯಿತು, ನಿಮಗೆ ಗೊತ್ತು. ಕನ್ನಡಿಗರು ಬೀದಿಗಿಳಿದರು, ಬೋರ್ಡುಗಳನ್ನು ಮುಚ್ಚಿದರು. ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರಕ್ಕೆ ಪತ್ರ ಬರೆದರು. ಹಿಂದಿ ಇಳಿಯಿತು. ಅದು ಬರೀ ಬಣ್ಣ ಬಳಿಯುವವನ ತಪ್ಪಾಗಿತ್ತೇ? ಅಲ್ಲ. ಈ ನಿಲ್ದಾಣಕ್ಕೆ ಬರುವವರು ಯಾರು ಎಂಬ ಪ್ರಶ್ನೆಗೆ ದೂರದಲ್ಲಿ ಕೂತವರು ಬರೆದ ಉತ್ತರ ಅದು. ಓದಲಾಗದ ಬೋರ್ಡು, ಹತ್ತಲಾಗದ ಮೆಟ್ಟಿಲು ಎರಡೂ ಒಂದೇ ಕಾಯಿಲೆ.

ಹಾಗಾಗಿ ನಾವು ಬೋರ್ಡಿಗೇ ನಿಲ್ಲಬಾರದು. ಮಂಡಿನೋವಿನ ಅಜ್ಜಿ ಕನ್ನಡತಿಯೇ. ಗಾಲಿಕುರ್ಚಿಯ ಹುಡುಗ ಕನ್ನಡಿಗನೇ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ, ಅವರು ಓಡಾಡಲು ಅನುವಾಗುವ ನಿಯಮ ಪಾಲಿಸದ ನಕ್ಷೆಗೆ ಅನುಮತಿಯನ್ನೇ ಕೊಡುವಂತಿಲ್ಲ. ಸರ್ಕಾರಿ ಕಚೇರಿಗಳ ಬಾಗಿಲಲ್ಲಿ ನಿಂತು ಎಣಿಸಿ, ಎಷ್ಟು ಕಡೆ ಗಾಲಿಕುರ್ಚಿ ಒಳಗೆ ಹೋಗುತ್ತದೆ ನೋಡೋಣ.

ಸರ್ಕಾರವನ್ನಷ್ಟೇ ಬೈದರೆ ಹೇಗೆ? ನಮ್ಮ ಗಲ್ಲಿಗಳಿಗೆ ಬನ್ನಿ. ಇಪ್ಪತ್ತು ಮೂವತ್ತರ ಸೈಟಿನಲ್ಲಿ ನಾಲ್ಕು ಅಂತಸ್ತು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಬಟ್ಟೆ ಒಣಗಿಸಲು ಜಾಗವಿಲ್ಲ, ಹಗಲಲ್ಲೂ ಲೈಟು ಉರಿಯಬೇಕು. ಅಲ್ಲಿ ಇರುವವರು ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುವ ನಮ್ಮ ಅಕ್ಕತಂಗಿಯರು. ಮನೆ ಕಟ್ಟಿಸಿದ್ದು ಬಾಡಿಗೆ ಎಣಿಸಿ, ಬಾಳುವವರನ್ನು ನೆನೆಸಿ ಅಲ್ಲ. ಮಾಲೀಕನೂ ಕನ್ನಡಿಗನೇ ತಾನೇ! ಒಲೆ ಯಾವ ಮೂಲೆಗೆ ಎಂದು ವಾಸ್ತು ಪಂಡಿತನನ್ನು ಕೇಳುತ್ತಾನೆ, ಅಡುಗೆ ಮಾಡುವ ಹೆಂಡತಿಯನ್ನು ಕೇಳುವುದಿಲ್ಲ.

ಒಳ್ಳೆಯ ಮನಸ್ಸೊಂದೇ ಇದ್ದರೂ ಸಾಲದು. ಈಜಿಪ್ಟಿನ ಹಸನ್ ಫಾಥಿ ದೊಡ್ಡ ಆರ್ಕಿಟೆಕ್ಟ್, ಬಡವರ ಪರ ಇದ್ದವನು. 1940ರ ದಶಕದಲ್ಲಿ ಗೂರ್ನಾ ಊರಿನವರಿಗೆಂದು ಮಣ್ಣಿನ ಇಟ್ಟಿಗೆಯಲ್ಲಿ ಸೊಗಸಾದ ಹೊಸ ಊರನ್ನೇ ಕಟ್ಟಿದ. ಬಹುಪಾಲು ಜನ ಬರಲೊಪ್ಪಲಿಲ್ಲ. ಅವರ ಅನ್ನದ ದಾರಿ ಹಳೆಯ ಊರಿನ ಪುರಾತನ ಗೋರಿಗಳ ಬಳಿ ಇತ್ತು. ಮನೆ ಚೆಂದವಾಯಿತು, ಹೊಟ್ಟೆಯ ಲೆಕ್ಕ ತಪ್ಪಿತು.

ಕೇಳುವುದಾದರೆ ಯಾವ ಭಾಷೆಯಲ್ಲಿ ಕೇಳಬೇಕು? ಕನ್ನಡ ಆಡಳಿತ ಭಾಷೆ ಎಂಬ ಕಾನೂನು ಬಂದದ್ದು 1963ರಲ್ಲಿ. ಇಂದಿಗೂ ನಕ್ಷೆಯ ಹಾಳೆ ಬಿಚ್ಚಿದರೆ ಇಂಗ್ಲಿಷು. ಆರ್ಕಿಟೆಕ್ಚರ್ ಕಾಲೇಜಿನ ಪಾಠವೂ ಇಂಗ್ಲಿಷು. ಬಚ್ಚಲು, ಜಗಲಿ, ಹಿತ್ತಲು ಎಂಬ ಮಾತು ಬಾರದವನು ನಮ್ಮಜ್ಜಿಯ ಹತ್ತಿರ ಏನು ಕೇಳಿಯಾನು? ಇಂಜಿನಿಯರಿಂಗ್, ಆರ್ಕಿಟೆಕ್ಚರ್ ಓದುತ್ತಿರುವ ಹುಡುಗ ಹುಡುಗಿಯರೇ, ಈ ಕೆಲಸ ನಿಮ್ಮದು. ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಿ, ಆಮೇಲೆ ಗೆರೆ ಎಳೆಯಿರಿ.

ಉಳಿದವರಿಗೂ ಕೆಲಸವಿದೆ. ನಿಮ್ಮ ವಾರ್ಡಿನಲ್ಲಿ ಶಾಲೆಗೋ ಆಸ್ಪತ್ರೆಗೋ ಗುದ್ದಲಿ ಪೂಜೆ ಎಂದು ಫ್ಲೆಕ್ಸು ಕಟ್ಟಿದ ದಿನವೇ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. 2005ರ ಆ ಕಾಯ್ದೆ ಕನ್ನಡದಲ್ಲೇ ಅರ್ಜಿ ಬರೆಯಲು ಹಕ್ಕು ಕೊಟ್ಟಿದೆ, ಶುಲ್ಕ 10 ರೂಪಾಯಿ. ನಕ್ಷೆಯ ಪ್ರತಿ ಕೊಡಿ, ಬಳಸುವ ಜನರ ಸಭೆ ನಡೆಸಿದ ನಡಾವಳಿ ಕೊಡಿ ಎಂದು ಕೇಳಿ. ಸಭೆಯೇ ನಡೆದಿಲ್ಲ ಎಂಬ ಉತ್ತರ ಬಂದರೆ ಆ ಕಾಗದ ಹಿಡಿದು ಗುದ್ದಲಿ ಪೂಜೆಯ ಜಾಗಕ್ಕೇ ಹೋಗಿ. ಕಾಂಕ್ರೀಟು ಬೀಳುವ ಮೊದಲೇ ಹೋಗಿ.