ಪುಸ್ತಿಕೆ ಬದಿಗಿಟ್ಟು ಕಟ್ಟುವವರು

2007ರ ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್‌ನ ಜಾಂಡ್‌ವೋರ್ಟ್ ಕಡಲತೀರಕ್ಕೆ ಒಬ್ಬ ವಿಚಿತ್ರ ಅತಿಥಿ ತೇಲಿ ಬಂದ. ಹಳದಿ ತಲೆ, ನೀಲಿ ಅಂಗಿ, ಎರಡೂವರೆ ಮೀಟರ್ ಎತ್ತರ. ಮಕ್ಕಳ ಲೆಗೋ ಪೆಟ್ಟಿಗೆಯಲ್ಲಿ ಬೆರಳುದ್ದ ಇರುತ್ತಾನಲ್ಲ, ಆ ಪುಟ್ಟ ಮನುಷ್ಯನ ದೈತ್ಯರೂಪ. ದಡದ ಪಾನೀಯದ ಅಂಗಡಿಯವರು ಅವನನ್ನು ನೀರಿನಿಂದ ಎಳೆದು ನಿಲ್ಲಿಸಿದರು. ಇದು ಈಗೋ ಲೆಯೊನಾರ್ಡ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಡಚ್ ಕಲಾವಿದರ ಕೃತಿ. ಜಗತ್ತಿನ ಪತ್ರಿಕೆಗಳೆಲ್ಲ ನಕ್ಕು ಮರೆತವು. ನಮಗೆ ಮಾತ್ರ ಅನ್ನಿಸುವುದು, ಆ ದೇಶದಲ್ಲಿ ದೊಡ್ಡವರು ಆಟಿಕೆ ಮುಟ್ಟಲು ನಾಚುವುದಿಲ್ಲ.

ಅಲ್ಲಿಯವರೇ ಆದ ಥಿಯೋ ಯಾನ್ಸೆನ್ ಅವರನ್ನು ನೋಡಿ. ಡೆಲ್ಫ್ಟ್‌ನಲ್ಲಿ ಭೌತಶಾಸ್ತ್ರ ಓದುತ್ತಿದ್ದವರು ಪದವಿ ಮುಗಿಸದೆ ಹೊರಬಂದರು. 1990ರಿಂದ ಗಾಳಿಗೆ ತಾನೇ ನಡೆಯುವ 'ಕಡಲತೀರದ ಪ್ರಾಣಿ'ಗಳನ್ನು ಕಟ್ಟುತ್ತಿದ್ದಾರೆ. ಯಾವುದರಿಂದ ಗೊತ್ತೇ? ಕರೆಂಟಿನ ವೈರು ತೂರಿಸುವ ಪಿವಿಸಿ ಪೈಪಿನಿಂದ. ಕೊಲ್ಲಿಯ ಕಟ್ಟಡಗಳಲ್ಲಿ ನಮ್ಮ ಎಲೆಕ್ಟ್ರಿಷಿಯನ್ ಸಹೋದರರು ವರ್ಷಗಟ್ಟಲೆ ಗೋಡೆಯೊಳಗೆ ಹುಗಿಯುತ್ತ ಬಂದಿರುವ ಅಂಥದೇ ಪೈಪು.

ಯಾನ್ಸೆನ್ ಅವರು ಕಲಾವಿದರು, ಅದೇ ಅವರ ಬದುಕು. ನಾವು ಹೇಳಹೊರಟಿರುವುದು ಹಗಲಿಡೀ ಬೇರೆ ಕೆಲಸ ಮಾಡಿ ಸಂಜೆ ಮೇಜಿನ ಮೇಲೆ ಇಟ್ಟಿಗೆ ಹರಡಿಕೊಳ್ಳುವವರ ಬಗ್ಗೆ. ನೆದರ್ಲೆಂಡ್ಸ್‌ನಲ್ಲಿ ಅಂಥವರದೇ ಒಂದು ಸಂಘವಿದೆ: 'ದೆ ಬೌಸ್ಟೇನ್'. ಕಟ್ಟುವ ಇಟ್ಟಿಗೆ ಎಂದೇ ಅದರ ಅರ್ಥ. ಇಂಥ ಹವ್ಯಾಸಿಗಳು ತಮ್ಮ ಕೃತಿಗಳನ್ನು 'ಲೆಗೋ ವರ್ಲ್ಡ್' ಮೇಳದಲ್ಲಿ ಇಟ್ಟು ತೋರಿಸುತ್ತ ಬಂದಿದ್ದಾರೆ. ಮೊದಲು ಹಲವು ವರ್ಷ ಜ್ವೊಲ್ಲೆ ಊರಿನಲ್ಲಿ, ಆಮೇಲೆ ಉಟ್ರೆಕ್ಟ್‌ನಲ್ಲಿ. 2020ರಲ್ಲಿ ಅಲ್ಲಿನ ಟಿವಿಯಲ್ಲಿ 'ಲೆಗೋ ಮಾಸ್ಟರ್ಸ್' ಸ್ಪರ್ಧೆ ಶುರುವಾಯಿತು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ದೊಡ್ಡವರು ಜೋಡಿ ಜೋಡಿಯಾಗಿ ಕೂತು ಕಟ್ಟುವುದನ್ನು ಮನೆಮಂದಿ ಕೂತು ನೋಡುವ ಕಾರ್ಯಕ್ರಮ ಅದು.

ಇದರಲ್ಲಿ ಅಂಥದ್ದೇನಿದೆ, ಪೆಟ್ಟಿಗೆ ತಂದು ಚಿತ್ರ ನೋಡಿ ಜೋಡಿಸುವುದು ತಾನೇ ಎಂದು ಕೇಳಬಹುದು. ಅಲ್ಲೇ ಇರುವುದು ವ್ಯತ್ಯಾಸ. ಪೆಟ್ಟಿಗೆಯ ಜೊತೆ ಬರುವ ಪುಸ್ತಿಕೆಯಂತೆ ಜೋಡಿಸಿದರೆ ಅದು ಕಂಪನಿಯ ಕೃತಿ. ಪುಸ್ತಿಕೆ ಬದಿಗಿಟ್ಟು ತನ್ನ ತಲೆಯಿಂದ ಕಟ್ಟಿದ್ದಕ್ಕೆ ಈ ಹವ್ಯಾಸಿಗಳು 'ಮಾಕ್' ಎನ್ನುತ್ತಾರೆ, ಅಂದರೆ 'ಮೈ ಓನ್ ಕ್ರಿಯೇಷನ್'. ಅವರ ನಡುವೆ ಮರ್ಯಾದೆ ಇರುವುದು ಇದಕ್ಕೆ.

ಚೌಕ ಇಟ್ಟಿಗೆಯಿಂದ ದುಂಡು ಕೆನ್ನೆ, ಕುದುರೆಯ ಕತ್ತು, ತುಲಿಪ್ ಹೂವಿನ ಎಸಳು ತರುವುದು ಸುಲಭವಲ್ಲ. ಲೆಗೋ ಇಟ್ಟಿಗೆಯ ಮೇಲಿನ ಗುಬುಟುಗಳ ನಡುವಿನ ಅಂತರ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6. ತೆಳ್ಳನೆಯ ಪ್ಲೇಟ್ ಅದರ ಮೂರರಲ್ಲಿ ಒಂದು, 3.2. ಐದು ಪ್ಲೇಟ್ ಪೇರಿಸಿದರೆ 16 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ಗುಬುಟಿನ ಅಗಲ. ಈ ಒಂದು ಲೆಕ್ಕ ಕೈವಶವಾದರೆ ಇಟ್ಟಿಗೆಯನ್ನು ಅಡ್ಡ ಮಲಗಿಸಿ, ಗುಬುಟು ಪಕ್ಕಕ್ಕೆ ಬರುವಂತೆ ಕೂರಿಸಿ, ಮೂಲೆಗಳನ್ನು ಮರೆಸಬಹುದು. ಎರಡು ಸಾಲಿನ ಎಂಟು ಗುಬುಟಿನ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91 ಕೋಟಿ 51 ಲಕ್ಷಕ್ಕೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಎಣಿಸಿದ್ದಾರೆ. ಇನ್ನೊಂದು ವಿಷಯ: ಈ ಇಟ್ಟಿಗೆಗೆ ಡೆನ್ಮಾರ್ಕ್‌ನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ಕಾಲದ ಇಟ್ಟಿಗೆ ಇಂದಿನದಕ್ಕೂ ಕಚ್ಚಿಕೊಳ್ಳುತ್ತದೆ. ಅಜ್ಜನ ಇಟ್ಟಿಗೆ ಮೊಮ್ಮಗಳ ಗೋಡೆಗೆ ಸೇರುತ್ತದೆ.

ನಿಯಮಗಳೂ ಇವೆ. ಅಂಟು ಹಾಕುವುದು, ಇಟ್ಟಿಗೆ ಕತ್ತರಿಸುವುದು ಹವ್ಯಾಸಿಗಳಲ್ಲಿ ಹೆಚ್ಚಿನವರಿಗೆ ಹಿಡಿಸುವುದಿಲ್ಲ. ಭಾಗಗಳಿಗೆ ಒತ್ತಡ ಬೀಳುವಂತೆ ತುರುಕಿದರೆ 'ಇಲ್ಲೀಗಲ್' ಎಂದು ತಮಾಷೆ ಮಾಡುತ್ತಾರೆ. ಪ್ರದರ್ಶನ ಮುಗಿದ ಮೇಲೆ ತಿಂಗಳುಗಟ್ಟಲೆ ಕಟ್ಟಿದ್ದನ್ನು ಬಿಚ್ಚಿ, ಬಣ್ಣ ಬಣ್ಣ ಬೇರೆ ಮಾಡಿ ಡಬ್ಬಿಗೆ ತುಂಬುವವರು ಬಹಳ. ಗಣಪತಿ ಕೂರಿಸಿ ನೀರಿಗೆ ಬಿಡುವ ನಮಗೆ ಇದು ಅರ್ಥವಾಗದ ಮಾತಲ್ಲ.

ನಮ್ಮ ಮಾಲ್‌ಗಳ ಆಟಿಕೆ ಅಂಗಡಿಗಳಲ್ಲೂ ಈಗ '18+' ಎಂದು ಬರೆದ ಕಪ್ಪು ಪೆಟ್ಟಿಗೆಗಳು ಸಾಲಾಗಿವೆ. ವ್ಯಾನ್ ಗೋ ಅವರ 'ತಾರಾಮಯ ರಾತ್ರಿ'ಯ ಪೆಟ್ಟಿಗೆ 2022ರಲ್ಲಿ ಬಂತು, 2316 ತುಂಡು. ಅದನ್ನು ಮೊದಲು ಕಲ್ಪಿಸಿದ್ದು ಹಾಂಗ್‌ಕಾಂಗ್‌ನ ಟ್ರೂಮನ್ ಚೆಂಗ್ ಎಂಬ ಹವ್ಯಾಸಿ. ಹತ್ತು ಸಾವಿರ ಜನರ ಮೆಚ್ಚುಗೆಯ ಮತ ದೊರೆತ ಮೇಲೆ ಕಂಪನಿ ಪರಿಶೀಲಿಸಿ ಕೈಗೆತ್ತಿಕೊಂಡಿತು. ಚೆಂಗ್ ಅವರಿಗೆ ಅದು ಸ್ವಂತ ಕೃತಿ. ಕೊಂಡು ತಂದ ನಮಗೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹೇಳಿದಂತೆ ಕೇಳುವ ಕೆಲಸ. ಬೇಡವೆನ್ನುತ್ತಿಲ್ಲ, ಕೈ ಪಳಗಲು ಒಳ್ಳೆಯದೇ. ಆದರೆ ಹಗಲಿಡೀ ನಾವು ಮಾಡುವುದೂ ಅದೇ ಅಲ್ಲವೇ?

ಡಿ.ಫಾರ್ಮ ಓದುವಾಗ ನಮ್ಮ ಪೀಳಿಗೆಯವರು ಮಾರ್ಟರಿನಲ್ಲಿ ಅರೆದು ಮುಲಾಮು ಮಾಡಿದವರು, ಮಿಕ್ಸ್ಚರ್ ಕಲಸಿದವರು, ಎಮಲ್ಷನ್ ಒಡೆಯದೆ ನಿಂತಿತೆಂದು ಹಿಗ್ಗಿದವರು. ಆಸ್ಪತ್ರೆಯಲ್ಲಿ ಈಗ ಎಲ್ಲೋ ತಯಾರಾಗಿ ಬಂದದ್ದನ್ನು ಎಣಿಸಿ, ಲೇಬಲ್ ಅಂಟಿಸಿ ಕೊಡುತ್ತೇವೆ. ರೋಗಿಯ ಸುರಕ್ಷೆಗೆ ಅದೇ ಸರಿ, ಅಲ್ಲಿ ಸ್ವಂತ ಕಲ್ಪನೆಗೆ ಜಾಗವಿಲ್ಲ, ಇರಲೂಬಾರದು. ಲೆಕ್ಕ ಬರೆಯುವವರು, ಗಾಡಿ ಓಡಿಸುವವರು, ಸೈಟಿನಲ್ಲಿ ನಕ್ಷೆಯಂತೆ ಕಟ್ಟಿಸುವವರು, ಎಲ್ಲರ ಕೈಯಲ್ಲೂ ಒಂದೊಂದು ಪುಸ್ತಿಕೆ. ಡ್ಯೂಟಿ ಮುಗಿಸಿ ಬಂದರೆ ಕೈಗೆ ಫೋನು. ನಲವತ್ತು ದಾಟಿದ ನಮ್ಮವರು ಕೌಂಟರಿಗೆ ಬಂದು ನಿದ್ದೆ ಬರುತ್ತಿಲ್ಲ, ಮಾತ್ರೆ ಇದ್ದರೆ ಕೊಡಿ ಎಂದು ಕೇಳುವುದನ್ನು ನಾವು ಬಲ್ಲೆವು. ಇಟ್ಟಿಗೆ ಅದಕ್ಕೆ ಔಷಧ ಎಂದು ಹೇಳುವವರು ನಾವಲ್ಲ. ಅವರ ಕೈಗಳಿಗೆ ತಮ್ಮದೇ ಎನ್ನುವ ಕೆಲಸ ಒಂದೂ ಉಳಿದಿಲ್ಲ ಎಂಬುದನ್ನಷ್ಟೇ ಹೇಳುತ್ತಿದ್ದೇವೆ.

ಊರಿನಲ್ಲಿ ನಾವು ಹೀಗಿರಲಿಲ್ಲ. ಮೈಸೂರಿನ ಕಡೆ ನವರಾತ್ರಿಗೆ ಬೊಂಬೆ ಕೂರಿಸುವಾಗ ಮರಳು ಹರಡಿ, ರಾಗಿ ಮೊಳಕೆ ಬರಿಸಿ, ಪಾರ್ಕು, ಕೆರೆ, ಸಂತೆ ಮಾಡುತ್ತಿದ್ದವರು ಅಮ್ಮ, ಅತ್ತೆ, ದೊಡ್ಡಮ್ಮಂದಿರು. ಮಂಗಳೂರಿನ ಕಡೆ ದೀಪಾವಳಿಗೆ ಬಿದಿರ ಕಡ್ಡಿ, ಬಣ್ಣದ ಕಾಗದದ ಗೂಡುದೀಪ. ಕುದ್ರೋಳಿಯ ಗೂಡುದೀಪ ಸ್ಪರ್ಧೆಯಲ್ಲಿ ಮೀಸೆ ಹೊತ್ತ ಗಂಡಸರು ತಮ್ಮ ದೀಪವನ್ನು ಮಗುವಿನಂತೆ ಎತ್ತಿಕೊಂಡು ಬರುವುದನ್ನು ಕಂಡವರಿಗೆ ನಾವು ಹೇಳುವುದು ಹೊಸದೇನಲ್ಲ. ಅಲ್ಲಿ ಯಾರೂ ಅದನ್ನು ಮಕ್ಕಳಾಟ ಎನ್ನಲಿಲ್ಲ. ಹಬ್ಬದ ಹೆಸರು ಇದ್ದುದರಿಂದ ದೊಡ್ಡವರಿಗೆ ಆಡಲು ಪರವಾನಗಿ ಸಿಕ್ಕಿತ್ತು ಅಷ್ಟೆ.

ಕೊಲ್ಲಿಗೆ ಬಂದ ಮೇಲೆ ಆ ಪರವಾನಗಿ ನವೀಕರಣವಾಗಲಿಲ್ಲ. ಸಂಘದ ಕಾರ್ಯಕ್ರಮಗಳಲ್ಲಿ ಚಿತ್ರ ಬಿಡಿಸುವವರು, ಕುಣಿಯುವವರು ಮಕ್ಕಳು. ದೊಡ್ಡವರಲ್ಲಿ ನಾಲ್ಕು ಜನ ವೇದಿಕೆಯ ಮೇಲೆ ಶಾಲು ಹೊದ್ದು ಕೂತರೆ ಮಿಕ್ಕವರು ಕೆಳಗೆ ಕೂತು ವಿಡಿಯೋ ತೆಗೆಯುತ್ತಾರೆ. ಸ್ವಾಗತ, ದೀಪ, ಭಾಷಣ, ಸನ್ಮಾನ, ಊಟ: ಸಮಾರಂಭಕ್ಕೂ ಒಂದು ಪುಸ್ತಿಕೆ ಬಂದುಬಿಟ್ಟಿದೆ. ಸಮಿತಿಯಲ್ಲಿರುವ ಸ್ನೇಹಿತರು ಬೇಸರಪಡಬಾರದು, ಅವರ ದುಡಿಮೆ ನಮಗೆ ಗೊತ್ತು.

ಲೆಗೋ ಹವ್ಯಾಸಿಗಳದೇ ಒಂದು ಆಟದಿಂದ ನಾವು ಕಲಿಯಬಹುದು. ಅದರ ಹೆಸರು 'ಗ್ರೇಟ್ ಬಾಲ್ ಕಾಂಟ್ರಾಪ್ಷನ್'. ಒಬ್ಬೊಬ್ಬರೂ ಮನೆಯಲ್ಲಿ ಒಂದೊಂದು ಯಂತ್ರ ಕಟ್ಟಿ ತರುತ್ತಾರೆ. ಎಲ್ಲವನ್ನೂ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟರೆ ಪುಟ್ಟ ಚೆಂಡುಗಳು ಒಂದರಿಂದ ಇನ್ನೊಂದಕ್ಕೆ ಸಾಗುತ್ತವೆ. ಯಂತ್ರ ಚೆಂಡನ್ನು ಎತ್ತಲಿ, ಎಸೆಯಲಿ, ಮೆಟ್ಟಿಲು ಹತ್ತಿಸಲಿ, ಕಟ್ಟುವವರ ಇಷ್ಟ. ಪಕ್ಕದವರಿಂದ ಬಂದದ್ದನ್ನು ಬುಟ್ಟಿಯಲ್ಲಿ ಪಡೆದು, ಸರಾಸರಿ ಸೆಕೆಂಡಿಗೊಂದರಂತೆ ಮುಂದಿನವರಿಗೆ ದಾಟಿಸಬೇಕು, ಒಮ್ಮೆಗೆ ಮೂವತ್ತಕ್ಕಿಂತ ಹೆಚ್ಚು ಸುರಿಯಬಾರದು. ಕಿಂಡರ್‌ಡೈಕ್‌ನಲ್ಲಿ ಈಗಲೂ ನಿಂತಿರುವ 19 ಗಾಳಿಯಂತ್ರಗಳು ತಗ್ಗಿನ ನೆಲದ ನೀರನ್ನು ಮೇಲಿನ ಮಟ್ಟಕ್ಕೆ ಎತ್ತಿ ದಾಟಿಸಿದ ರೀತಿಯೇ ನೆನಪಿಗೆ ಬರುತ್ತದೆ. ಅಕ್ಕಪಕ್ಕದವರ ಬುಟ್ಟಿ ನೋಡದೆ ಕಟ್ಟಿದವರ ಯಂತ್ರ ಎಷ್ಟೇ ಚೆಂದವಿರಲಿ, ಸಾಲು ಅಲ್ಲಿ ನಿಂತುಹೋಗುತ್ತದೆ.

ಮುಂದಿನ ರಾಜ್ಯೋತ್ಸವಕ್ಕೆ ಸಭಾಂಗಣದ ಹಿಂಬದಿಯಲ್ಲಿ ಇಂಥ ಒಂದು ಮೇಜು ಹಾಕೋಣ ಎಂಬುದು ನಮ್ಮ ಸಲಹೆ. ಹದಿನೆಂಟು ದಾಟಿದವರಿಗೆ ಮಾತ್ರ. ಬಹುಮಾನ ಬೇಡ, ತೀರ್ಪುಗಾರರು ಬೇಡ. ಯಂತ್ರ ಕಷ್ಟವೆನಿಸಿದವರು ಗೋಲ್‌ಗುಂಬಜ್ ಕಟ್ಟಲಿ, ಯಕ್ಷಗಾನದ ಕಿರೀಟ ಕಟ್ಟಲಿ, ಊರಿನ ಮನೆಯ ಜಗಲಿ ಕಟ್ಟಲಿ. ಮಕ್ಕಳು ನೋಡುತ್ತ ನಿಲ್ಲಲಿ. ಮೂರು ವರ್ಷದೊಳಗಿನ ಕೂಸುಗಳನ್ನು ಮಾತ್ರ ದೂರವಿಡಿ, ಸಣ್ಣ ತುಂಡು ಗಂಟಲಿಗೆ ಸಿಕ್ಕರೆ ಪ್ರಾಣಾಪಾಯ.

ಖರ್ಚಿನ ಮಾತು ಬರುತ್ತದೆ. ಹೊಸ ಪೆಟ್ಟಿಗೆ ದುಬಾರಿ, ನಿಜ, ಯಾರೂ ಕೊಳ್ಳಬೇಕಿಲ್ಲ. ಪ್ರತಿವರ್ಷ ಬೇಸಿಗೆ ರಜೆಯ ಹೊತ್ತಿಗೆ ಎಷ್ಟೋ ಕುಟುಂಬಗಳು ಮನೆ ಖಾಲಿ ಮಾಡಿ ಊರಿಗೆ ಮರಳುತ್ತವೆ. ಮಕ್ಕಳು ದೊಡ್ಡವರಾಗಿ ಬಿಟ್ಟ ಇಟ್ಟಿಗೆಗಳು ಚೀಲಗಟ್ಟಲೆ ಕಸಕ್ಕೆ ಹೋಗುತ್ತವೆ. ಅವನ್ನು ಸಂಘಕ್ಕೆ ಕೊಡಿ. ಕೊಡುವ ಮೊದಲು ಸೋಪಿನ ನೀರಿನಲ್ಲಿ ಕೈಯಿಂದಲೇ ತೊಳೆದರೆ ಉಪಕಾರ. ನೀರು 40 ಡಿಗ್ರಿಗಿಂತ ಬಿಸಿ ಇರಬಾರದು, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನಮ್ಮ ಬಾಲ್ಕನಿಯ ಬಿಸಿಲಿನಲ್ಲಂತೂ ಒಣಗಿಸಲೇಬೇಡಿ. ಬಟ್ಟೆಯ ಮೇಲೆ ಹರಡಿ ಫ್ಯಾನ್ ಹಾಕಿ ಬಿಡಿ.