ಕೊಂಡವಾಡದ ನಾಯಿಗೆ ಧಣಿ ಯಾರು?



ಕೊಂಡವಾಡ ಅಂದರೆ ನಮ್ಮ ಇಂಡಿ, ಸಿಂದಗಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾರದೋ ಎಮ್ಮೆ ಇನ್ಯಾರದೋ ಹೊಲಕ್ಕೆ ನುಗ್ಗಿ ಜೋಳ ಮೇಯ್ದರೆ ಹೊಡೆದುಕೊಂಡು ಹೋಗಿ ಅಲ್ಲಿ ಕೂಡಿ ಹಾಕುತ್ತಿದ್ದರು. ಅದರ ಧಣಿ ಗೊಣಗುತ್ತ ಬಂದು, ದಂಡ ಕಟ್ಟಿ, ಬಿಡಿಸಿಕೊಂಡು ಹೋಗುತ್ತಿದ್ದ. ಎಮ್ಮೆಗೆ ಧಣಿ ಇದ್ದಾನೆ, ಅದರ ಹಾಲಿಗೆ ಬೆಲೆ ಇದೆ. ಬೀದಿ ನಾಯಿಯನ್ನು ಕೂಡಿ ಹಾಕಿದರೆ ದಂಡ ಕಟ್ಟಲು ಯಾರು ಬರುತ್ತಾರೆ? ಈ ಸಲ ಅದೇ ಮಾತು ಆಡೋಣ.

ಈಗಲೇ ಯಾಕೆ ಅನ್ನುತ್ತೀರಾ? 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಶಾಲೆ, ದವಾಖಾನೆ, ಆಟದ ಮೈದಾನ, ಬಸ್ ನಿಲ್ದಾಣ, ರೈಲು ನಿಲ್ದಾಣ ಇಂಥ ಕಡೆ ಇರುವ ಬೀದಿ ನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿ, ಲಸಿಕೆ ಹಾಕಿಸಿ, ಆಶ್ರಯದಲ್ಲಿ ಇಡಬೇಕು. ಹಿಡಿದ ಜಾಗಕ್ಕೆ ಮತ್ತೆ ಬಿಡಬಾರದು ಎಂದಿತು. ಅದಕ್ಕಿಂತ ಮೊದಲು, ಆಗಸ್ಟ್ 22ರಂದು, ಉಳಿದ ಬೀದಿ ನಾಯಿಗಳನ್ನು ಶಸ್ತ್ರಕ್ರಿಯೆ, ಲಸಿಕೆಯಾದ ಮೇಲೆ ಅವುಗಳ ಓಣಿಗೇ ಬಿಡಬೇಕು, ಹುಚ್ಚು ಹಿಡಿದ ಇಲ್ಲವೆ ಮೈಮೇಲೆ ಬೀಳುವ ನಾಯಿಯನ್ನು ಮಾತ್ರ ಬಿಡಬಾರದು ಎಂದು ಹೇಳಿತ್ತು. ದಿಲ್ಲಿಯ ಮಾತು ಎಂದು ಕಾಗದ ಮಡಚಿ ಇಡಬೇಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಊರಿಗೆ ಬಸ್ ನಿಲ್ದಾಣ ಇದೆ, ಸರಕಾರಿ ಶಾಲೆ, ದವಾಖಾನೆ ಇವೆ. ಅಲ್ಲಿ ಹಿಡಿದ ನಾಯಿಯನ್ನು ಎಲ್ಲಿ ಇಡುತ್ತಾರೆ, ಹೇಗೆ ಇಡುತ್ತಾರೆ ಎಂದು ಕೇಳುವ ಹಕ್ಕು ನಮಗಿದೆ.

“ನಾಯಿ ಮ್ಯಾಲೆ ಕರುಣೆ ಇರಲಿ ಬಿಡ್ರಿ ಅಕ್ಕಾರ, ನಮ್ಮ ಹುಡುಗರಿಗೆ ಕಚ್ಚಿದರ ಏನ್ ಮಾಡೂದು?” ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ. ಹುಚ್ಚು ನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಉಳಿಯುವುದಿಲ್ಲವೆಂದೇ ಹೇಳಬೇಕು. ಆದ್ದರಿಂದ ನಾಯಿ ಕಚ್ಚಿದ ಕೂಡಲೆ ಖಾರದ ಪುಡಿ, ಸುಣ್ಣ, ಅರಿಸಿನ ಏನನ್ನೂ ಮೆತ್ತಬೇಡಿ. ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ, ಅಂದೇ ದವಾಖಾನೆಗೆ ಹೋಗಿ. ಹೊಟ್ಟೆಗೆ 14 ಇಂಜೆಕ್ಷನ್ ಚುಚ್ಚುವ ಕಾಲ ಹೋಯಿತು. ಈಗಿನವು ತೋಳಿಗೆ ಹಾಕುವ ಕೆಲವೇ ಇಂಜೆಕ್ಷನ್. ಆದರೆ ವೈದ್ಯರು ಹೇಳಿದ ಒಂದು ದಿನವನ್ನೂ ತಪ್ಪಿಸಬಾರದು.

ಮಕ್ಕಳನ್ನು ಕಾಯುವ ದಾರಿಯೂ ನಾಯಿಯನ್ನು ಸರಿಯಾಗಿ ನೋಡಿಕೊಳ್ಳುವ ದಾರಿಯೂ ಒಂದೇ. ಊರಿನ 100 ನಾಯಿಗಳಲ್ಲಿ 70ಕ್ಕೆ ಲಸಿಕೆ ಬಿದ್ದರೆ ರೋಗ ಹರಡುವುದು ನಿಲ್ಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿಡಿಯುವವರು ಬಡಿದು, ಎಳೆದಾಡಿ ಹಿಂಸೆ ಕೊಟ್ಟರೆ ಮುಂದಿನ ಸಲ ಒಂದು ನಾಯಿಯೂ ಕೈಗೆ ಸಿಗುವುದಿಲ್ಲ. ಕೈಗೆ ಸಿಗದ ನಾಯಿಗೆ ಲಸಿಕೆ ಎಲ್ಲಿಂದ ಬರಬೇಕು?

“ಹಂಗಾದರ ಎಲ್ಲಾನೂ ಕೊಂದು ಬಿಟ್ರ ಮುಗೀತಲ್ಲ” ಅನ್ನುವವರೂ ಇದ್ದಾರೆ. ಅದನ್ನು ಮದ್ರಾಸಿನವರು ಮಾಡಿ ನೋಡಿದರು. ಅಲ್ಲಿಯ ಕಾರ್ಪೊರೇಶನ್ನು ನೂರು ವರ್ಷಕ್ಕೂ ಮಿಕ್ಕಿ ನಾಯಿ ಹಿಡಿದು ಕೊಂದಿತು. ನಾಯಿ ಕಡಿಮೆಯಾಗಲಿಲ್ಲ. ತಿಪ್ಪೆಯಲ್ಲಿ ಅನ್ನ ಇರುವ ತನಕ ಖಾಲಿಯಾದ ಓಣಿಗೆ ಬೇರೆ ಓಣಿಯ ನಾಯಿ ಬಂದೇ ಬರುತ್ತದೆ. ನಾಯಿಯ ಬಸಿರು ಸುಮಾರು 63 ದಿನದ್ದು, ಒಂದು ಸೂಲಿಗೆ ನಾಲ್ಕಾರು ಮರಿ. ಕಡೆಗೆ 1996ರಲ್ಲಿ ಆ ನಗರ ಕೊಲ್ಲುವುದನ್ನು ಬಿಟ್ಟು ಶಸ್ತ್ರಕ್ರಿಯೆಯ ದಾರಿಗೆ ಬಂತು. ಅಲ್ಲಿಯ ಬ್ಲೂ ಕ್ರಾಸ್ ಸಂಸ್ಥೆಯವರು ಈ ದಾರಿಯನ್ನು 1964ರಿಂದಲೇ ಹೇಳುತ್ತ ಬಂದಿದ್ದರು. 2001ರಲ್ಲಿ ದೇಶಕ್ಕೆಲ್ಲ ಅದೇ ನಿಯಮವಾಯಿತು, 2023ರಲ್ಲಿ ಅದನ್ನು ಹೊಸದಾಗಿ ಬರೆದರು.

ಇನ್ನು ಕೂಡಿ ಹಾಕುವ ಜಾಗದ ಮಾತು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಪ್ರಾಣಿ ಹೊರಳಾಡಲು ಆಗದಂಥ ಇಕ್ಕಟ್ಟಿನ ಪಂಜರದಲ್ಲಿ ಇಡುವುದೂ ಅಪರಾಧ. ಆದರೆ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ! ಅಷ್ಟಕ್ಕೆ ಯಾರು ಹೆದರುತ್ತಾರೆ? ಹೆದರಬೇಕಾದರೆ ಊರಿನ ಹೆಣ್ಣುಮಕ್ಕಳು ಬಂದು ನೋಡುತ್ತಾರೆ ಅನ್ನುವ ಅಳುಕು ಇರಬೇಕು. ನಿಮ್ಮ ಊರಿನ ಮುನ್ಸಿಪಾಲಿಟಿಗೆ ಹೋದಾಗ ಇಷ್ಟು ಕೇಳಿರಿ:

ಒಂದು, ನೆರಳು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ಮೈ ತಣಿಸಿಕೊಳ್ಳಬೇಕು. ಬರೀ ತಗಡಿನ ಕೆಳಗೆ ಕೂಡಿದರೆ ರೊಟ್ಟಿಯ ಹಂಚಿನ ಮೇಲೆ ಕೂಡಿಸಿದ ಹಾಗೆ.

ಎರಡು, ನೀರು. ಮಧ್ಯಮ ಗಾತ್ರದ ನಾಯಿಗೆ ದಿನಕ್ಕೆ ಸುಮಾರು 1 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಅದನ್ನು ಇಡುವವರು ಯಾರು? ಭಾನುವಾರ, ಹಬ್ಬದ ದಿನ ಯಾರು?

ಮೂರು, ಬೇರೆ ಬೇರೆ ಗೂಡು. ಹೊಸದಾಗಿ ತಂದ ನಾಯಿ, ರೋಗದ ನಾಯಿ, ಮರಿ ಇರುವ ತಾಯಿ ಎಲ್ಲವನ್ನೂ ಒಂದೇ ಕಡೆ ತುಂಬಿದರೆ ಕಜ್ಜಿ, ಜ್ವರ ಎಲ್ಲಕ್ಕೂ ಹತ್ತುತ್ತದೆ. ಬಲವಿದ್ದದ್ದು ತಿನ್ನುತ್ತದೆ, ಉಳಿದವು ಉಪವಾಸ.

ನಾಲ್ಕು, ಪಶುವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ? ಶಸ್ತ್ರಕ್ರಿಯೆಯ ಹೊಲಿಗೆ ಮಾಗುವ ತನಕ ನೋಡಿಕೊಳ್ಳುವವರು ಯಾರು?

ಐದು, ಲೆಕ್ಕದ ಪುಸ್ತಕ. ಎಷ್ಟು ಬಂದವು, ಎಷ್ಟಕ್ಕೆ ಲಸಿಕೆಯಾಯಿತು, ಎಷ್ಟು ಸತ್ತವು? ಧಣಿಯಿಲ್ಲದ ಪ್ರಾಣಿಯ ಸಾವನ್ನು ಬರೆದಿಡದಿದ್ದರೆ ಅದು ಯಾರಿಗೂ ತಿಳಿಯುವುದಿಲ್ಲ.

ಒಬ್ಬರೇ ಹೋದರೆ “ಸಾಹೇಬರಿಲ್ಲ, ನಾಳೆ ಬರ್ರಿ” ಅನ್ನುತ್ತಾರೆ. ನಿಮ್ಮ ಸ್ತ್ರೀಶಕ್ತಿ ಸಂಘದ ಹತ್ತು ಮಂದಿ ಸಹಿ ಮಾಡಿ ಅರ್ಜಿ ಬರೆಯಿರಿ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಕಚೇರಿಯ ಸಿಕ್ಕಾ ಹಾಕಿಸಿಕೊಳ್ಳಿ. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ.

ನೋಡಲು ಹೋಗುವಾಗ ಬರಿಗೈಯಲ್ಲಿ ಯಾಕೆ? ನಿನ್ನೆಯ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಒಯ್ಯಿರಿ. ಆದರೆ ಉಳ್ಳಾಗಡ್ಡಿ, ಬಳ್ಳುಳ್ಳಿ ಹಾಕಿದ ಪಲ್ಯ ಬೇಡ, ಅದು ನಾಯಿಯ ರಕ್ತಕ್ಕೆ ಕೇಡು. ನಮ್ಮ ಜಿಲ್ಲೆಯ ಹೆಮ್ಮೆಯ ದ್ರಾಕ್ಷಿ, ಮಣೂಕವಂತೂ ಬೇಡವೇ ಬೇಡ. ಅದು ನಾಯಿಯ ಮೂತ್ರಪಿಂಡಕ್ಕೆ ವಿಷ.

ಕುರಿ ಹಿಂಡಿನ ಹಿಂದೆ ರಾತ್ರಿಯೆಲ್ಲ ಎಚ್ಚರಿರುವ ನಾಯಿಯನ್ನು ನಾವು ಕಂಡವರು. ಪಕ್ಕದ ಮುಧೋಳದ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದಾಗ ಹಿಗ್ಗಿದವರು. ದಯೆಯ ಮಾತು ಕಲಿಸಿದ ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯದೇ. ಬಸ್ ನಿಲ್ದಾಣದ ನಾಯಿಗೂ ಒಂದು ಬೋಗುಣಿ ನೀರು, ಒಂದಿಷ್ಟು ನೆರಳು ಕೇಳಲು ನಾವು ಹಿಂಜರಿಯುವುದು ಬೇಡ.

ಅರ್ಜಿ ಕೊಟ್ಟವರು ಏನು ಉತ್ತರ ಬಂತು ಎಂದು ನನಗೆ ಬರೆದು ತಿಳಿಸಿರಿ. ದಾರಿ ಕಾಯುತ್ತಿರುತ್ತೇನೆ.