ಮದ್ದಿನ ಮೇಲೆ ಮದ್ದು

ನಮ್ಮ ನುಡಿಯಲ್ಲಿ ‘ಮದ್ದು’ ಎಂಬುದು ವಿಚಿತ್ರವಾದ ಶಬ್ದ. ರೋಗಿಗೆ ಕುಡಿಸುವುದೂ ಮದ್ದೇ, ಕೋವಿಗೆ ತುಂಬುವುದೂ ಮದ್ದೇ, ಹಗೆಯ ಅನ್ನದಲ್ಲಿ ಬೆರೆಸುವುದೂ ಮದ್ದೇ. ಕಾಯುವ ವಸ್ತುವಿನಲ್ಲಿಯೇ ಕಾಡುವ ಕಸುವೂ ಅಡಗಿದೆಯೆಂಬ ಅರಿವು ಹಿರಿಯರಿಗೆ ಇದ್ದಿತೆಂದು ತೋರುತ್ತದೆ. ಕ್ಯಾನ್ಸರಿಗೆ ತುತ್ತಾದ ಮಕ್ಕಳ ಚಿಕಿತ್ಸೆಯಲ್ಲಿ ಇದು ಬರಿಯ ಮಾತಲ್ಲ.

ಅಂಗಳದಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪವನ್ನು ವಾಚಕರು ಬಲ್ಲರು. ಕೆಲವರು ಅದನ್ನು ಕಾಶಿಕಣಗಿಲೆಯೆನ್ನುವರು. ಆ ಗಿಡದಿಂದ ದೊರೆತ ವಿನ್‌ಕ್ರಿಸ್ಟೀನ್ 1963ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆಯಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಅದು ಮುಖ್ಯ ಔಷಧಗಳಲ್ಲೊಂದು. ಆದರೆ ಚಿಕಿತ್ಸೆಯ ಕಾಲದಲ್ಲಿ ಮಗುವಿನ ಬಿಳಿಯ ರಕ್ತಕಣಗಳು ಕುಗ್ಗುತ್ತವೆ. ನಮಗೇನೂ ಮಾಡದ ಗಾಳಿಯ ಬೂಷ್ಟು ಆ ಎಳೆಯ ಶ್ವಾಸಕೋಶದಲ್ಲಿ ಬೇರೂರಬಲ್ಲದು. ಅದನ್ನು ತಡೆಯಲು ಶಿಲೀಂಧ್ರನಾಶಕ ಔಷಧ ಬೇಕಾಗುತ್ತದೆ.

ತೊಡಕು ಹುಟ್ಟುವುದು ಇಲ್ಲಿಯೇ. ವಿನ್‌ಕ್ರಿಸ್ಟೀನನ್ನು ಕರಗಿಸಿ ಹೊರಗಟ್ಟುವ ಕೆಲಸ ಯಕೃತ್ತಿನದು. ಇಟ್ರಕೊನಜೋಲ್, ವೊರಿಕೊನಜೋಲ್, ಪೊಸಕೊನಜೋಲ್ ಎಂಬ ಶಿಲೀಂಧ್ರನಾಶಕಗಳು ಅದಕ್ಕೆ ಬೇಕಾದ ಕಿಣ್ವದ ಕೈಕಟ್ಟುತ್ತವೆ. ಹೊರಹೋಗಬೇಕಾದ ಮದ್ದು ಒಳಗೇ ನಿಂತು ನರಗಳನ್ನು ಪೀಡಿಸುತ್ತದೆ. ಕೈಕಾಲುಗಳಿಗೆ ಜೋಮು, ಎಡವುವ ಹೆಜ್ಜೆ, ದವಡೆಯ ನೋವು, ತೀವ್ರ ಮಲಬದ್ಧತೆ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ವೊರಿಕೊನಜೋಲ್ ಒಂದೇ ಆದರೂ ದೃಷ್ಟಿಯನ್ನು ಕದಡಬಲ್ಲದು. ಬಣ್ಣಗಳು ಮಾರ್ಪಟ್ಟು, ಬೆಳಕು ಮಿಂಚಿ, ಇಲ್ಲದ ವಸ್ತುವೂ ಕಣ್ಣಿಗೆ ಕಂಡೀತು.

‘ಗೋಡೆಯ ಮೇಲೆ ಏನೋ ಹರಿದಾಡುತ್ತಿದೆಯಮ್ಮಾ’ ಎಂದು ಅಂಥ ಮಗು ಹೇಳಿದರೆ ನಾವು ಮಾಡುವುದೇನು? ಹೆದರಿದೆಯೆಂದು ನಿವಾಳಿಸುತ್ತೇವೆ. ಕಾಲೆಳೆದು ನಡೆದರೆ ನಿತ್ರಾಣವೆನ್ನುತ್ತೇವೆ. ಹಟವೆಂದು ಗದರುವವರೂ ಉಂಟು. ಹಾಗೆ ತಳ್ಳಿಹಾಕದೆ, ಮಗು ಆಡಿದ ಮಾತನ್ನು ಅಂದೇ ವೈದ್ಯರಿಗೆ ಮುಟ್ಟಿಸಬೇಕು. ಅವರ ಬಳಿ ಉಪಾಯಗಳಿವೆ. ವೊರಿಕೊನಜೋಲ್ ರಕ್ತದಲ್ಲಿ ಎಷ್ಟಿದೆಯೆಂದು ಅಳೆಯಬಹುದು. ವಿನ್‌ಕ್ರಿಸ್ಟೀನ್ ಕೊಡುವ ದಿನಗಳ ಆಸುಪಾಸಿನಲ್ಲಿ ಶಿಲೀಂಧ್ರನಾಶಕಕ್ಕೆ ಬಿಡುವು ಕೊಡಬಹುದು. ಕ್ಯಾಸ್ಪೊಫಂಜಿನ್‌ನಂಥ ಬೇರೆ ವರ್ಗದ ಔಷಧವನ್ನು ಆರಿಸಬಹುದು. ಮನೆಯವರು ತಾವಾಗಿ ನಿಲ್ಲಿಸುವುದು ಮಾತ್ರ ಸಲ್ಲದು. ಬೂಷ್ಟಿನ ಸೋಂಕೂ ಪ್ರಾಣಾಂತಿಕವೇ.

ಊರಿನ ವೈದ್ಯರಲ್ಲಿಗೆ ಕೆಮ್ಮು ನೆಗಡಿಗೆಂದು ಹೋದಾಗಲೂ, ಮಗು ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿ ಹೆತ್ತವರ ಕೈಯಲ್ಲಿರಲಿ. ಮದ್ದಿನ ಗುಣವನ್ನು ವೈದ್ಯರು ಬಲ್ಲರು. ನೆನ್ನೆ ನೆಟ್ಟಗೆ ನಡೆದ ಮಗು ಇಂದು ಎಡವಿತೆಂಬುದನ್ನು ಬಲ್ಲವರು ಮನೆಯವರು ಮಾತ್ರ.